‘ಬಿಹೇವಿಯರ್’ ಎಂದರೆ ನಡತೆಯೋ, ವರ್ತನೆಯೋ?

ಅನುವಾದದ ಹಾದಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಚಿಕ್ಕ ಮಕ್ಕಳ ತಂದೆತಾಯಂದಿರಿಗಾಗಿ ಬರೆದ ಒಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಅದರಲ್ಲಿ ‘ಬಿಹೇವಿಯರ್’ ಎಂಬ ಪದ ಕಾಣಿಸದ ಪುಟವೇ ಇಲ್ಲ. ನಿತ್ಯ ಬಳಸುವ ಮಾತಾದ್ದರಿಂದ ಇದರಲ್ಲಿ ತೊಡಕೇನೂ ಇರಲಾರದು ಎಂದುಕೊಂಡು ಮೊದಲ ಕರಡಿನಲ್ಲಿ ಎಲ್ಲೆಡೆಯೂ ‘ನಡತೆ’ ಎಂದೇ ಬರೆದುಕೊಂಡು ಹೋದೆ. ‘ಮಗುವಿನ ನಡತೆಯಲ್ಲಿ ದಿಢೀರನೆ ಬದಲಾವಣೆ ಕಂಡುಬಂದರೆ ವೈದ್ಯರಲ್ಲಿ ವಿಚಾರಿಸಿ’ ಎಂಬ ನನ್ನ ವಾಕ್ಯದ ಕೆಳಗೆ ಪರಿಶೀಲಕರು ಗೆರೆ ಎಳೆದು, ‘ಇದನ್ನು ಓದಿದ ತಾಯಿ ತನ್ನ ಮಗು ಹಾದಿ ತಪ್ಪಿದೆ ಎಂದು ತಿಳಿದಾಳು’ ಎಂದು ಅಂಚಿನಲ್ಲಿ ಬರೆದು ಕಳುಹಿಸಿದರು.

ಅವರ ಮಾತು ಸರಿಯೆನಿಸಿ, ಎಲ್ಲ ‘ನಡತೆ’ಗಳನ್ನೂ ‘ವರ್ತನೆ’ ಎಂದು ಬದಲಿಸಿದೆ. ಆಗ ಬೇರೆ ಕಡೆ ಪೆಟ್ಟು ಬಿತ್ತು. ಮೂಲದಲ್ಲಿ ತಾಯಿಯೊಬ್ಬಳು ಮಗುವಿಗೆ ಹೇಳುವ ಒಂದು ಮಾತು ಬರುತ್ತದೆ. ಅದರಲ್ಲಿ ‘ಬಿಹೇವ್’ ಎಂಬ ಕ್ರಿಯಾಪದವೊಂದೇ ಇದ್ದು, ಹೇಗೆ ಎಂಬುದನ್ನು ತಿಳಿಸುವ ಬೇರೆ ಪದವಿಲ್ಲ. ನನ್ನ ಕನ್ನಡದಲ್ಲಿ ಅದು ‘ನೀನು ವರ್ತಿಸಿದರೆ ಆಟಕ್ಕೆ ಕಳುಹಿಸುತ್ತೇನೆ’ ಎಂದಾಗಿದೆ. ಯಾವ ತಾಯಿಯ ಬಾಯಿಂದಲೂ ಇಂಥ ಮಾತು ಬರಲಾರದೆಂಬುದು ನನಗೂ ಗೊತ್ತು.

ಇಷ್ಟರ ಮೇಲೆ ಅದೇ ಕೈಪಿಡಿಯಲ್ಲಿ ಒಂದೆರಡು ಕಡೆ ‘ಕಂಡಕ್ಟ್’ ಎಂಬ ಪದವೂ ಬಂದಿದೆ. ‘ಬಿಹೇವಿಯರ್ಸ್’ ಎಂಬ ಬಹುವಚನವೂ ಬಂದಿದೆ. ಈ ಪದಕ್ಕೆ ಬಹುವಚನವಿಲ್ಲವೆಂದು ಶಾಲೆಯಲ್ಲಿ ಕಲಿತ ನೆನಪು ನನ್ನದು. ಈ ಪದದ ನಿಜವಾದ ಅರ್ಥವ್ಯಾಪ್ತಿ ಯಾವುದು, ನಮ್ಮ ನಡತೆ, ನಡವಳಿಕೆ, ವರ್ತನೆಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಹಳೆಯ ಮೇಷ್ಟ್ರು:

ನಿಮ್ಮ ಪರಿಶೀಲಕರು ಹಿಡಿದ ಎಳೆ ಸರಿಯಾದದ್ದೇ. ಆದರೆ ಅವರು ಅದನ್ನು ಅರ್ಧಕ್ಕೆ ಬಿಟ್ಟಿದ್ದಾರೆ.

ಇಂಗ್ಲಿಷಿನ ‘ಬಿಹೇವಿಯರ್’ ಎಂಬ ನಾಮಪದ ತಾನಾಗಿ ಯಾವ ತೀರ್ಪನ್ನೂ ಕೊಡುವುದಿಲ್ಲ. ಒಬ್ಬರು ಏನು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬಷ್ಟನ್ನೇ ಅದು ಹೇಳುತ್ತದೆ. ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಬೇಕಾದರೆ ಹಿಂದೊಂದು ವಿಶೇಷಣ ಬರಬೇಕು. ಕ್ರಿಯಾಪದದ ಸಂಗತಿ ಬೇರೆ. ‘ಬಿಹೇವ್’ ಎಂಬುದಕ್ಕೆ ‘ಚೆನ್ನಾಗಿ’, ‘ಕೆಟ್ಟದಾಗಿ’, ‘ವಿಚಿತ್ರವಾಗಿ’ ಎಂಬಂಥ ಒಂದು ಮಾತು ಜೊತೆಗಿದ್ದರೆ ಅದೂ ತಟಸ್ಥವೇ. ಏನೂ ಇಲ್ಲದೆ ಒಂಟಿಯಾಗಿ ನಿಂತಾಗ ಮಾತ್ರ ‘ಚೆನ್ನಾಗಿ’ ಎಂಬ ಅರ್ಥವನ್ನು ತನ್ನೊಳಗೇ ತುಂಬಿಕೊಂಡುಬಿಡುತ್ತದೆ. ಆದ್ದರಿಂದಲೇ ಮಗುವಿಗೆ ಬರಿಯ ‘ಬಿಹೇವ್’ ಎಂದರೆ ಸಾಕು, ‘ನೆಟ್ಟಗಿರು’ ಎಂದು ಗದರಿದಂತಾಗುತ್ತದೆ.

ಕನ್ನಡದಲ್ಲಿ ಇದು ತಿರುವುಮುರುವಾಗಿದೆ. ನಮ್ಮಲ್ಲಿ ಒಂಟಿಯಾಗಿ ನಿಂತಾಗಲೂ ಒಳ್ಳೆಯತನವನ್ನು ಹೊತ್ತಿರುವುದು ‘ನಡತೆ’ ಎಂಬ ನಾಮಪದ. ‘ನಡತೆಯುಳ್ಳವರು’ ಎಂದರೆ ಒಳ್ಳೆಯ ನಡತೆಯವರು ಎಂದೇ ಅರ್ಥ; ‘ಒಳ್ಳೆಯ’ ಎಂದು ಹೇಳಬೇಕಾಗಿಯೇ ಇಲ್ಲ. ‘ನಡತೆಗೆಟ್ಟವನು’ ಎನ್ನುವಾಗ ಕೆಡುವುದಕ್ಕೆ ಮೊದಲು ಅಲ್ಲಿ ಒಳ್ಳೆಯದೇನೋ ಇತ್ತೆಂಬ ಭಾವವಿದೆ. ‘ವರ್ತಿಸು’ ಎಂಬ ಕ್ರಿಯಾಪದವಾದರೋ ಒಂಟಿಯಾಗಿ ನಿಲ್ಲಲಾರದು. ‘ಹೀಗೆ ವರ್ತಿಸಿದ’, ‘ಸಭ್ಯವಾಗಿ ವರ್ತಿಸಿದ’ ಎಂದು ಅದಕ್ಕೊಂದು ಊರುಗೋಲು ಬೇಕೇ ಬೇಕು. ನಿಮ್ಮ ‘ನೀನು ವರ್ತಿಸಿದರೆ’ ಎಂಬುದು ಕುಂಟುವುದು ಈ ಕಾರಣಕ್ಕೆ. ಅಲ್ಲಿ ‘ಜಾಣ ಮಗುವಿನ ಹಾಗೆ ಇದ್ದರೆ’ ಎಂದೋ, ‘ಹೇಳಿದ ಮಾತು ಕೇಳಿದರೆ’ ಎಂದೋ ಬರೆಯಿರಿ. ಎರಡರಲ್ಲೂ ಮೂಲದ ಪದ ಕಾಣಿಸುವುದಿಲ್ಲ, ಮೂಲದ ತಾಯಿ ಕಾಣಿಸುತ್ತಾಳೆ.

ಪದಗಳ ಬೇರನ್ನು ನೋಡಿದರೆ ಈ ಭೇದ ಇನ್ನಷ್ಟು ತಿಳಿಯಾಗುತ್ತದೆ. ‘ನಡತೆ’ ಬಂದದ್ದು ಕಾಲಿನ ನಡಿಗೆಯಿಂದ. ನಡೆದು ಬಂದ ದಾರಿ, ಅಂದರೆ ಬಹುಕಾಲದಿಂದ ಒಬ್ಬ ಮನುಷ್ಯ ಬದುಕಿಕೊಂಡು ಬಂದ ಬಗೆ, ಅದರ ಒಡಲಲ್ಲಿದೆ. ಆದ್ದರಿಂದ ‘ಗುಣನಡತೆ’ ಎಂದು ಗುಣದ ಜೊತೆಯಲ್ಲೇ ಅದನ್ನು ಕೂಡಿಸಿ ಹೇಳುವ ರೂಢಿಯಿದೆ. ‘ವರ್ತನೆ’ ಸಂಸ್ಕೃತದ ‘ವೃತ್’ ಧಾತುವಿನದು. ತಿರುಗು, ಇರು, ಸಾಗು ಎಂಬ ಅರ್ಥಗಳಿರುವ ಇದೇ ಧಾತುವಿನಿಂದ ಆವರ್ತನ, ಪರಿವರ್ತನೆ, ವರ್ತಮಾನ ಎಲ್ಲವೂ ಹುಟ್ಟಿವೆ. ದಿನವೂ ತಪ್ಪದೆ ಮನೆಗೆ ತಂದೊಪ್ಪಿಸುವ ವಸ್ತುವನ್ನು ‘ವರ್ತನೆ’ಯದು ಎಂದು ಕರೆಯುವ ಹಳೆಯ ಬಳಕೆಯೂ ನಮ್ಮಲ್ಲಿದೆಯಷ್ಟೆ, ಅಲ್ಲಿ ಮರಳಿ ಮರಳಿ ಬರುವುದು ಮುಖ್ಯವೇ ಹೊರತು ಒಳಿತು ಕೆಡುಕು ಮುಖ್ಯವಲ್ಲ. ಇಂದು ನಾವು ‘ವರ್ತನೆ’ ಎನ್ನುವಾಗ, ಹೊರಗಿನಿಂದ ನೋಡಿ ಗುರುತಿಸಬಹುದಾದದ್ದು ಎಂಬ ತಟಸ್ಥ ಭಾವ ಹಾಗೆಯೇ ಉಳಿದಿದೆ. ಒಮ್ಮೆ ಮಾತ್ರ ಕಂಡದ್ದಕ್ಕೂ ‘ವರ್ತನೆ’ ಸಲ್ಲುತ್ತದೆ. ಒಂದು ದಿನದ ಒಂದು ಕೃತ್ಯವನ್ನು ನೋಡಿ ಯಾರದೇ ‘ನಡತೆ’ಯನ್ನು ಹೇಳಲಾಗದು.

‘ನಡವಳಿಕೆ’ ಇವೆರಡರ ನಡುವಿನದು. ನಾಲ್ಕು ಜನರ ನಡುವೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಅದು ಹೊಂದುತ್ತದೆ. ‘ಅವರ ನಡವಳಿಕೆ ಒರಟು’ ಎಂದರೆ ಮಾತಿನ, ಮುಖಭಾವದ, ಮರ್ಯಾದೆಯ ದೂರು. ‘ಅವರ ನಡತೆ ಸರಿಯಿಲ್ಲ’ ಎಂದರೆ ದೂರಿನ ತೂಕವೇ ಬೇರೆ.

ಇನ್ನು ‘ಕಂಡಕ್ಟ್’. ಇದು ಲ್ಯಾಟಿನ್ನಿನ ‘ಒಯ್ಯು, ಮುನ್ನಡೆಸು’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ನಿಯಮ, ಕರ್ತವ್ಯ, ಹುದ್ದೆಗಳ ಅಳತೆಗೋಲಿಟ್ಟು ನೋಡುವಾಗ ಇಂಗ್ಲಿಷಿನವರು ಸಾಮಾನ್ಯವಾಗಿ ‘ಕಂಡಕ್ಟ್’ ಎನ್ನುತ್ತಾರೆ. ಪ್ರಾಣಿಗಳಿಗೂ ಜಡವಸ್ತುಗಳಿಗೂ ‘ಬಿಹೇವಿಯರ್’ ಇದೆ, ಈ ಅರ್ಥದ ‘ಕಂಡಕ್ಟ್’ ಇಲ್ಲ. ಅದು ಹೊಣೆ ಹೊರಬಲ್ಲ ಮನುಷ್ಯನಿಗೆ ಮಾತ್ರ. ನಮ್ಮ ‘ನಡತೆ’ಯೂ ಹೀಗೆಯೇ. ಸರ್ಕಾರಿ ನೌಕರರಿಗೆ ‘ನಡತೆ ನಿಯಮ’ಗಳಿರುತ್ತವೆ, ‘ವರ್ತನೆ ನಿಯಮ’ಗಳಿರುವುದಿಲ್ಲ. ಇನ್ನೊಂದು ಹೊಂದಿಕೆಯನ್ನೂ ನೋಡಿ. ಇಂಗ್ಲಿಷಿನಲ್ಲಿ ‘ಕಂಡಕ್ಟ್’ ಎಂಬುದರ ಒತ್ತನ್ನು ಮೊದಲ ಅಕ್ಷರದಿಂದ ಎರಡನೆಯದಕ್ಕೆ ಸರಿಸಿದರೆ ಸಭೆ ನಡೆಸು, ಪರೀಕ್ಷೆ ನಡೆಸು ಎಂಬ ಕ್ರಿಯಾಪದವಾಗುತ್ತದೆ. ನಮ್ಮಲ್ಲೂ ನಡತೆ, ನಡೆಸು ಎರಡೂ ಒಂದೇ ಬೇರಿನವು. ಎರಡು ಭಾಷೆಗಳು ಒಬ್ಬರನ್ನೊಬ್ಬರು ಕೇಳದೆ ಒಂದೇ ದಾರಿ ಹಿಡಿದದ್ದನ್ನು ಕಂಡಾಗ ನನಗೆ ಈ ವಯಸ್ಸಿನಲ್ಲೂ ಸಂತೋಷವಾಗುತ್ತದೆ.

ದೋಷಶೋಧಕ:

ಮೇಷ್ಟ್ರ ಮಾತಿಗೆ ತಂತ್ರಾಂಶದ ಕಡೆಯಿಂದ ಒಂದು ಪುರಾವೆ ಕೊಡುತ್ತೇನೆ. ನಾವು ದೋಷವರದಿ ಬರೆಯುವಾಗ ‘ನಿರೀಕ್ಷಿತ ಬಿಹೇವಿಯರ್’, ‘ನೈಜ ಬಿಹೇವಿಯರ್’ ಎಂಬ ಎರಡು ಅಂಕಣಗಳನ್ನು ತುಂಬುವುದು ವಾಡಿಕೆ. ಗುಂಡಿ ಒತ್ತಿದಾಗ ಪುಟ ತೆರೆಯಬೇಕಿತ್ತು, ತೆರೆಯಲಿಲ್ಲ, ಅಷ್ಟೇ ವಿಷಯ. ಇದನ್ನು ‘ತಂತ್ರಾಂಶದ ವರ್ತನೆ’ ಎಂದರೆ ಯಾರೂ ನಗುವುದಿಲ್ಲ. ‘ತಂತ್ರಾಂಶದ ನಡತೆ ಸರಿಯಿಲ್ಲ’ ಎಂದು ಬರೆದು ನೋಡಿ, ಇಡೀ ತಂಡ ನಗುತ್ತದೆ. ಹಾಗೆಯೇ ನೀರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುತ್ತ ಹೋದಾಗ ಕುಗ್ಗುವುದನ್ನು ಬಿಟ್ಟು ಹಿಗ್ಗತೊಡಗುತ್ತದೆ. ಇದು ನೀರಿನ ವಿಚಿತ್ರ ವರ್ತನೆ, ಅದರ ನಡತೆಗೇಡಿತನವಲ್ಲ.

ಕರಡುತಿದ್ದುಗ:

ಪತ್ರಿಕೆಯ ಮೇಜಿನಲ್ಲಿ ಹಲವು ವರ್ಷ ಕುಳಿತವನಾಗಿ ಒಂದು ಆಕ್ಷೇಪ, ಒಂದು ಎಚ್ಚರಿಕೆ ನನ್ನದಿದೆ.

ಆಕ್ಷೇಪವೇನೆಂದರೆ, ‘ಕಂಡಕ್ಟ್’ ಎಂದರೆ ನಡತೆ, ‘ಬಿಹೇವಿಯರ್’ ಎಂದರೆ ವರ್ತನೆ ಎಂದು ಎರಡು ಪೆಟ್ಟಿಗೆ ಮಾಡಿಟ್ಟುಕೊಂಡರೆ ಮೋಸಹೋಗುತ್ತೇವೆ. ಕೈದಿಗಳಿಗೆ ಶಿಕ್ಷೆಯ ಅವಧಿಯನ್ನು ಕಡಿಮೆ ಮಾಡುವ ಸುದ್ದಿಗಳಲ್ಲಿ ಇಂಗ್ಲಿಷ್ ಪ್ರತಿ ‘ಗುಡ್ ಬಿಹೇವಿಯರ್’ ಎಂದೇ ಹೇಳುತ್ತದೆ. ನಾವು ಅದನ್ನು ‘ಸನ್ನಡತೆಯ ಆಧಾರದ ಮೇಲೆ ಬಿಡುಗಡೆ’ ಎಂದು ಬರೆಯುತ್ತ ಬಂದಿದ್ದೇವೆ. ‘ಒಳ್ಳೆಯ ವರ್ತನೆಯ ಆಧಾರದ ಮೇಲೆ’ ಎಂದು ಬರೆದರೆ ಓದುಗರಿಗೆ ಕೈದಿ ಆ ದಿನ ಬೆಳಿಗ್ಗೆ ನಗುಮುಖದಿಂದಿದ್ದ ಎನಿಸಬಹುದು. ಮೇಷ್ಟ್ರೇ ಹೇಳಿದಂತೆ ಅಲ್ಲಿ ವರ್ಷಗಟ್ಟಲೆಯ ಬಾಳ್ವೆಯನ್ನು ಅಳೆಯಲಾಗುತ್ತದೆ, ಆದ್ದರಿಂದ ನಡತೆಯೇ ಸರಿ. ಮೂಲದಲ್ಲಿ ಯಾವ ಪದವಿದೆ ಎಂಬುದಕ್ಕಿಂತ, ತೀರ್ಪು ಕೊಡುತ್ತಿದ್ದಾರೋ ಬರಿದೆ ನೋಡುತ್ತಿದ್ದಾರೋ ಎಂಬುದನ್ನು ಕೇಳಿಕೊಂಡರೆ ಕನ್ನಡದ ಪದ ತಾನಾಗಿ ಸಿಗುತ್ತದೆ. (‘ಸನ್ನಡತೆ’, ‘ದುರ್ನಡತೆ’ ಎಂದು ಸಂಸ್ಕೃತದ ತಲೆಯನ್ನು ಕನ್ನಡದ ಮುಂಡಕ್ಕೆ ಅಂಟಿಸುವುದು ಅರಿಸಮಾಸವೆಂದು ಹಳಬರು ಮೂಗು ಮುರಿಯುತ್ತಿದ್ದರು. ಆದರೆ ಪದಗಳು ಬದುಕಿಕೊಂಡಿವೆ. ಇನ್ನು ಅವನ್ನು ಅಳಿಸುವವರಾರು?)

ಎಚ್ಚರಿಕೆ ಹೆಚ್ಚು ಗಂಭೀರವಾದದ್ದು. ಹೆಂಗಸರ ವಿಷಯದಲ್ಲಿ ‘ನಡತೆ’ ಎಂಬ ಪದ ಕನ್ನಡದಲ್ಲಿ ಶೀಲದ ಕಡೆಗೆ ಜಾರುತ್ತದೆ. ಇಂಗ್ಲಿಷ್ ಸುದ್ದಿಯಲ್ಲಿ ಕಾಣೆಯಾದ ಮಹಿಳೆಯೊಬ್ಬರ ‘ಬಿಹೇವಿಯರ್’ ಕೆಲವು ದಿನಗಳಿಂದ ಬೇರೆಯಾಗಿತ್ತೆಂದು ಇದ್ದರೆ, ಆಕೆ ಮಂಕಾಗಿದ್ದರು, ಯಾರೊಡನೆಯೂ ಮಾತನಾಡುತ್ತಿರಲಿಲ್ಲ ಎಂದಷ್ಟೇ ಅರ್ಥವಿರಬಹುದು. ಅದನ್ನು ‘ಆಕೆಯ ನಡತೆ ಬದಲಾಗಿತ್ತು’ ಎಂದು ಮಾಡಿದ ಕರಡು ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಬರೆದ ಹುಡುಗನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ನಿಘಂಟು ನೋಡಿಯೇ ಬರೆದಿದ್ದ. ಅಚ್ಚಿಗೆ ಹೋಗುವ ಮೊದಲು ಸಿಕ್ಕಿತು, ಬದುಕಿದೆವು.

‘ಮಿಸ್‌ಬಿಹೇವ್’ ಎಂಬುದರಲ್ಲಿಯೂ ಇಂಥದೇ ಒಂದು ಹಳ್ಳವಿದೆ. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅದು ಬಹುಮಟ್ಟಿಗೆ ಮಕ್ಕಳ ತುಂಟತನಕ್ಕೆ ಹೇಳುವ ಹಗುರವಾದ ಮಾತು. ಭಾರತದ ಇಂಗ್ಲಿಷಿನಲ್ಲಿ, ಅದರಲ್ಲೂ ಪೊಲೀಸ್ ಸುದ್ದಿಗಳಲ್ಲಿ, ಹೆಣ್ಣೊಬ್ಬಳಿಗೆ ಕಿರುಕುಳ ಕೊಟ್ಟದ್ದನ್ನು ಮುಚ್ಚಿ ಹೇಳಲು ಅದನ್ನು ಬಳಸುತ್ತೇವೆ. ನಾವು ಅದಕ್ಕೆ ಮಾಡಿಕೊಂಡಿರುವ ‘ಅನುಚಿತ ವರ್ತನೆ’, ‘ಅಸಭ್ಯ ವರ್ತನೆ’ ಎಂಬ ಪದಗಳು ಆ ಭಾರವನ್ನೇ ಹೊತ್ತಿವೆ. ನಿಮ್ಮ ಕೈಪಿಡಿಯಲ್ಲಿ ಮೂರು ವರ್ಷದ ಮಗು ‘ಮಿಸ್‌ಬಿಹೇವ್’ ಮಾಡಿತೆಂದಿದ್ದರೆ ದಯವಿಟ್ಟು ‘ಅನುಚಿತ ವರ್ತನೆ’ ಎಂದು ಬರೆಯಬೇಡಿ. ಮಗುವಿನ ಮೇಲೆ ದೂರು ದಾಖಲಾದಂತೆ ಕೇಳಿಸುತ್ತದೆ. ಹಟ, ರಂಪ, ತುಂಟಾಟ, ಪುಂಡಾಟ ಎಂದು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಮಗು ನಿಜವಾಗಿ ಏನು ಮಾಡಿತೆಂಬುದನ್ನು ನೋಡಿ ಆರಿಸಿಕೊಳ್ಳಿ.

ಅನುವಾದದ ಹಾದಿ:

ಮೂವರಿಗೂ ಋಣಿಯಾಗಿದ್ದೇನೆ. ಕರಡುತಿದ್ದುಗರು ಹೇಳಿದ ‘ಅನುಚಿತ ವರ್ತನೆ’ ನನ್ನ ಕರಡಿನಲ್ಲಿ ಏಳು ಕಡೆ ಇತ್ತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಊಟದ ತಟ್ಟೆಯನ್ನು ದೂರ ತಳ್ಳಿದ ಮಗುವಿಗೂ ಅದನ್ನೇ ಅಂಟಿಸಿದ್ದೆ.

ಬಹುವಚನದ ಸಂಗತಿಯನ್ನು ಯಾರೂ ಮುಟ್ಟಲಿಲ್ಲ. ಜೊತೆಗೆ, ಹಿಂದಿಯಿಂದ ಬಂದ ಒಬ್ಬ ಸಹೋದ್ಯೋಗಿ ‘ವ್ಯವಹಾರ’ ಎನ್ನಬಹುದಲ್ಲವೇ ಎಂದು ಕೇಳುತ್ತಿದ್ದಾರೆ.

ವ್ಯಾಕರಣದ ಗೀಳು:

ವ್ಯವಹಾರ ಬೇಡ. ಹಿಂದಿಯಲ್ಲಿ ಅದು ಬಿಹೇವಿಯರ್‌ಗೆ ಸರಿಯಾದ ಪದವೇ ಆದರೂ ಕನ್ನಡದಲ್ಲಿ ಅದು ಕೊಡುಕೊಳೆ, ವ್ಯಾಪಾರ, ಲೆಕ್ಕಾಚಾರಗಳ ಕಡೆಗೆ ಹೋಗಿದೆ. ‘ಮಗುವಿನ ವ್ಯವಹಾರ’ ಎಂದರೆ ಮಗು ಏನನ್ನೋ ಮಾರುತ್ತಿದೆ ಎನಿಸುತ್ತದೆ. ‘ಆಚರಣೆ’ಯದೂ ಅದೇ ಕಥೆ, ಹಿಂದಿಯಲ್ಲಿ ನಡತೆ, ನಮ್ಮಲ್ಲಿ ಹಬ್ಬ. ಅವರು ‘ಆಚಾರ ಸಂಹಿತಾ’ ಎನ್ನುವುದನ್ನು ನಾವು ‘ನೀತಿ ಸಂಹಿತೆ’ ಎಂದು ಮಾಡಿಕೊಂಡಿರುವುದು ಈ ಗೊಂದಲವನ್ನು ತಪ್ಪಿಸುವುದಕ್ಕೂ ಒದಗಿಬಂದಿದೆ.

ಬಹುವಚನದ ಬಗ್ಗೆ ನಿಮ್ಮ ನೆನಪು ಸರಿಯಾಗಿದೆ, ಕೈಪಿಡಿಯೂ ತಪ್ಪಲ್ಲ. ದಿನಬಳಕೆಯ ಇಂಗ್ಲಿಷಿನಲ್ಲಿ ‘ಬಿಹೇವಿಯರ್’ ಎಣಿಸಲಾಗದ ನಾಮಪದ. ಅದರ ಹಿಂದೆ ಒಂದು ಎಂಬರ್ಥದ ‘ಎ’ ಹಚ್ಚಿ ‘ಎ ಗುಡ್ ಬಿಹೇವಿಯರ್’ ಎನ್ನುವುದು ಸಲ್ಲದು. ಒಬ್ಬ ಮನುಷ್ಯನ ಬಗ್ಗೆ ‘ಅವನ ಬಿಹೇವಿಯರ್ಸ್ ಚೆನ್ನಾಗಿಲ್ಲ’ ಎನ್ನುವುದೂ ಸಲ್ಲದು. ಆದರೆ ಮನೋವಿಜ್ಞಾನ, ಪ್ರಾಣಿವಿಜ್ಞಾನ, ಶಿಕ್ಷಣಶಾಸ್ತ್ರಗಳಲ್ಲಿ ಒಂದೊಂದು ಬಗೆಯ ಕ್ರಿಯೆಯನ್ನು ಬಿಡಿಬಿಡಿಯಾಗಿ ಗುರುತಿಸಿ ಎಣಿಸಬೇಕಾಗುತ್ತದೆ. ಉಗುರು ಕಚ್ಚುವುದು ಒಂದು, ತಲೆಯನ್ನು ಗೋಡೆಗೆ ಬಡಿದುಕೊಳ್ಳುವುದು ಇನ್ನೊಂದು, ಕರೆದರೆ ತಿರುಗಿ ನೋಡದಿರುವುದು ಮತ್ತೊಂದು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1913ರಲ್ಲಿ ವರ್ತನಾವಾದದ ಘೋಷಣೆಯಂತಿದ್ದ ತಮ್ಮ ಲೇಖನವನ್ನು ಪ್ರಕಟಿಸಿ, ಮನೋವಿಜ್ಞಾನವು ಮನಸ್ಸಿನ ಒಳಗಣ ಅನುಭವವನ್ನು ಕೆದಕುವುದನ್ನು ಬಿಟ್ಟು ಹೊರಗೆ ಕಾಣುವ ವರ್ತನೆಯನ್ನು ಅಧ್ಯಯನ ಮಾಡಬೇಕೆಂದು ವಾದಿಸಿದರು. ಮುಂದೆ ಅದೇ ವಾದದ ಸ್ಕಿನ್ನರ್, ಪಂಜರದ ಇಲಿ ಸನ್ನೆಗೋಲನ್ನು ಎಷ್ಟು ಸಲ ಒತ್ತಿತೆಂದು ಎಣಿಸಿದರು. ಹಾಗೆ ಎಣಿಸುವ ಶಾಸ್ತ್ರಕ್ಕೆ ಬಹುವಚನವೂ ಬೇಕಾಗುತ್ತದೆ. ನಿಮ್ಮ ಕೈಪಿಡಿಯ ಬಹುವಚನ ಈ ಶಾಸ್ತ್ರದ ಕಡೆಯಿಂದ ಬಂದದ್ದು. ಕನ್ನಡದಲ್ಲಿ ‘ವರ್ತನೆಗಳು’ ಎಂದು ಅದನ್ನು ಹಾಗೆಯೇ ಇಡಬಹುದು. ‘ನಡತೆಗಳು’ ಎಂದು ಮಾತ್ರ ಆಗದು; ಒಬ್ಬರಿಗೆ ಒಂದೇ ನಡತೆ.

ನಾವು ಇಂಗ್ಲಿಷ್ ಬರೆಯುವಾಗ ಆಗುವ ಒಂದು ಜಾರಿಕೆಯನ್ನೂ ಹೇಳಿಬಿಡುತ್ತೇನೆ. ‘ನನ್ನ ಜೊತೆ ಒರಟಾಗಿ ನಡೆದುಕೊಂಡರು’ ಎಂಬುದರ ‘ಜೊತೆ’ಯನ್ನು ಹಾಗೆಯೇ ಎತ್ತಿಕೊಂಡು ‘ಬಿಹೇವ್ಡ್ ವಿತ್ ಮಿ’ ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ‘ಕಡೆಗೆ’ ಎಂಬರ್ಥದ ‘ಟುವರ್ಡ್ಸ್’ ಬರಬೇಕು. ಭಾರತದಲ್ಲಿ ‘ವಿತ್’ ಎಷ್ಟು ಬೇರೂರಿದೆಯೆಂದರೆ ಇಲ್ಲಿನ ಓದುಗರಿಗೆ ಅದು ತಪ್ಪೆನಿಸುವುದೇ ಇಲ್ಲ. ಹೊರಗಿನ ಓದುಗರಿಗೆ ಮಾತ್ರ ಕಿವಿಗೆ ಚುಚ್ಚುತ್ತದೆ.

ಉಚ್ಚಾರಣೆಯ ಬಗ್ಗೆ ಎರಡೇ ಮಾತು. ಒತ್ತು ಬೀಳುವುದು ‘ಹೇ’ ಎಂಬಲ್ಲಿ. ಈ ‘ಹೇವ್’ ಎಂಬುದು ‘ಇಟ್ಟುಕೊಂಡಿರು’ ಎಂಬರ್ಥದ ‘ಹ್ಯಾವ್’ ಎಂಬ ಕ್ರಿಯಾಪದವೇ. ಒಂಟಿ ‘ಹ್ಯಾವ್’ ಸಹಾಯಕ ಕ್ರಿಯಾಪದವಾಗಿ ಒತ್ತಿಲ್ಲದೆ ಸವೆದು ಅದರ ಸ್ವರ ಕುಗ್ಗಿತು. ‘ಬಿಹೇವ್’ನಲ್ಲಿ ಒತ್ತು ಉಳಿದದ್ದರಿಂದ ಹಳೆಯ ದೀರ್ಘವೂ ಉಳಿಯಿತು.

ಹಳೆಯ ಮೇಷ್ಟ್ರು:

ಆ ‘ಹ್ಯಾವ್’ ವಿಷಯವನ್ನು ಎತ್ತಿದ್ದು ಒಳ್ಳೆಯದಾಯಿತು. ನನ್ನ ಮೊದಲ ಉತ್ತರದಲ್ಲಿ ಇದನ್ನೇ ಮರೆತಿದ್ದೆ.

ಹದಿನೈದನೆಯ ಶತಮಾನದ ಇಂಗ್ಲಿಷಿನಲ್ಲಿ ‘ಬಿಹೇವ್’ ಎಂದರೆ ತನ್ನನ್ನು ತಾನು ಇಟ್ಟುಕೊಳ್ಳು, ತನ್ನನ್ನು ತಾನು ಹಿಡಿದುಕೊಳ್ಳು ಎಂದಿತ್ತು. ಅದಕ್ಕೇ ‘ಬಿಹೇವ್ ಯುವರ್‌ಸೆಲ್ಫ್’ ಎಂದು ‘ನಿನ್ನನ್ನು’ ಎಂಬರ್ಥದ ಪದ ಇಂದಿಗೂ ಜೊತೆಗೆ ಉಳಿದಿದೆ. ಈಗ ನಮ್ಮ ‘ನಡೆದುಕೊಳ್ಳು’ ನೋಡಿ. ‘ಅವನು ಚೆನ್ನಾಗಿ ನಡೆದ’ ಎಂದರೆ ಕಾಲಿನ ಮಾತು. ‘ಅವನು ಚೆನ್ನಾಗಿ ನಡೆದುಕೊಂಡ’ ಎಂದರೆ ಬಾಳಿನ ಮಾತು. ಈ ಎರಡರ ನಡುವೆ ಇರುವುದು ‘ಕೊಳ್ಳು’ ಒಂದೇ. ಕ್ರಿಯೆಯನ್ನು ಮಾಡುವವನ ಕಡೆಗೇ ತಿರುಗಿಸುವ ಈ ‘ಕೊಳ್ಳು’ ಇಂಗ್ಲಿಷಿನ ‘ಸೆಲ್ಫ್’ ಮಾಡುವ ಕೆಲಸವನ್ನೇ ಇಲ್ಲಿ ಮಾಡುತ್ತಿದೆ. ಆದ್ದರಿಂದ ಕ್ರಿಯಾಪದ ಬೇಕಾದ ಕಡೆಯಲ್ಲೆಲ್ಲ ‘ವರ್ತಿಸು’ ಎಂಬುದನ್ನು ಕೈಬಿಟ್ಟು ‘ನಡೆದುಕೊಳ್ಳು’ ಎಂದು ಬರೆಯಿರಿ ಎಂಬುದು ನನ್ನ ಸಲಹೆ. ‘ನಡತೆ’ಗೆ ಇರುವ ತೀರ್ಪಿನ ಭಾರ ‘ನಡೆದುಕೊಳ್ಳು’ ಎಂಬುದಕ್ಕಿಲ್ಲ. ‘ವರ್ತಿಸು’ವಿನ ಕಚೇರಿಯ ವಾಸನೆಯೂ ಇಲ್ಲ.

ಇದರ ಪಕ್ಕದಲ್ಲೇ ‘ನಡೆಸಿಕೊಳ್ಳು’ ಇದೆ. ‘ಅವರು ನನ್ನನ್ನು ಚೆನ್ನಾಗಿ ನಡೆಸಿಕೊಂಡರು’ ಎಂಬುದನ್ನು ‘ಬಿಹೇವ್’ನಿಂದ ಹೇಳಲಾಗದು; ಅಲ್ಲಿ ಇಂಗ್ಲಿಷ್ ‘ಟ್ರೀಟ್’ ಎಂಬ ಬೇರೆಯೇ ಪದಕ್ಕೆ ಕೈಹಾಕಬೇಕು. ನಮಗೆ ಒಂದು ‘ಸು’ ಸಾಕಾಯಿತು.

ಕಲಮಿನ ಕುತೂಹಲ:

ಕಾನೂನಿನ ವಿದ್ಯಾರ್ಥಿಯಾಗಿ ಒಂದು ಎಳೆ ಸೇರಿಸುತ್ತೇನೆ. ಮಕ್ಕಳ ಕೋಣೆಯಲ್ಲಿ ಇಷ್ಟು ಹಗುರವಾದ ಈ ಪದ ನ್ಯಾಯಾಧೀಶರ ವಿಷಯದಲ್ಲಿ ಬಹಳ ತೂಕದ್ದು.

ಇಂಗ್ಲೆಂಡಿನ 1701ರ ಉತ್ತರಾಧಿಕಾರ ಶಾಸನವು ನ್ಯಾಯಾಧೀಶರು ರಾಜನ ಮರ್ಜಿ ಇರುವವರೆಗೆ ಮಾತ್ರ ಹುದ್ದೆಯಲ್ಲಿರುವ ಪದ್ಧತಿಯನ್ನು ತೆಗೆದು, ಅವರು ಚೆನ್ನಾಗಿ ನಡೆದುಕೊಳ್ಳುವವರೆಗೆ ಹುದ್ದೆಯಲ್ಲಿರತಕ್ಕದ್ದು ಎಂಬ ತತ್ತ್ವವನ್ನು ಒಂದು ಲ್ಯಾಟಿನ್ ನುಡಿಗಟ್ಟಿನಲ್ಲಿ ಬರೆಯಿತು. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದ ಮೂರನೆಯ ವಿಧಿ ಇದನ್ನೇ ‘ಡ್ಯೂರಿಂಗ್ ಗುಡ್ ಬಿಹೇವಿಯರ್’ ಎಂದು ಹೇಳುತ್ತದೆ. ಅಲ್ಲಿ ‘ಬಿಹೇವಿಯರ್’ ಪದವನ್ನು ಬ್ರಿಟಿಷರಂತೆ ‘ಯು’ ಅಕ್ಷರವನ್ನು ಇಟ್ಟೇ ಬರೆದಿದ್ದಾರೆ ಎಂಬುದು ಗಮನಿಸತಕ್ಕ ವಿಷಯ. ‘ಯು’ ಇಲ್ಲದ ರೂಪವನ್ನು ಇಂದು ನಾವು ಅಮೆರಿಕದ ಕಾಗುಣಿತ ಎನ್ನುತ್ತೇವೆ. ಆ ರೂಪ ಅಲ್ಲಿ ನೆಲೆಯೂರಲು ನೋವಾ ವೆಬ್‌ಸ್ಟರ್ ಅವರ ನಿಘಂಟುಗಳು ಬಹುಮಟ್ಟಿಗೆ ಕಾರಣ. ಅವುಗಳಲ್ಲಿ ದೊಡ್ಡದು ಅಚ್ಚಾದದ್ದು 1828ರಲ್ಲಿ.

ಭಾರತದ ಸಂವಿಧಾನದ 124ನೆಯ ಅನುಚ್ಛೇದದ 4ನೆಯ ಖಂಡದಲ್ಲಿ ಇದೇ ಪದದ ನಿಷೇಧರೂಪವಾದ ‘ಮಿಸ್‌ಬಿಹೇವಿಯರ್’ ಇದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ಹುದ್ದೆಯಿಂದ ತೆಗೆಯಬೇಕಾದರೆ ಅದು ರುಜುವಾತಾಗಿರಬೇಕು, ಇಲ್ಲವೇ ಅವರ ಅಸಾಮರ್ಥ್ಯ ರುಜುವಾತಾಗಿರಬೇಕು. ಅದರ ಮೇಲೆ ಸಂಸತ್ತಿನ ಪ್ರತಿಯೊಂದು ಸದನದಲ್ಲೂ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬಹುಮತ ಬೇಕು. ಇಷ್ಟು ಭಾರ ಹೊರುವ ಆ ಪದಕ್ಕೆ ಸಂವಿಧಾನ ವ್ಯಾಖ್ಯೆಯನ್ನು ಕೊಟ್ಟಿಲ್ಲ. ಕರಡುತಿದ್ದುಗರು ಹೇಳಿದ ತೀರ್ಪಿನ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ‘ದುರ್ನಡತೆ’ ಎಂಬುದೇ ಸರಿಯೆಂದು ನನಗೆ ತೋರುತ್ತದೆ. ತುಂಟಾಟವಂತೂ ಅಲ್ಲ.

ಕರಡುತಿದ್ದುಗ:

ಮೂಲ ಪ್ರಶ್ನೆಗೆ ಮರಳಿ ಒಂದು ಮಾತು. ನಾವೆಲ್ಲರೂ ಒಂದು ನಾಮಪದಕ್ಕೆ ಇನ್ನೊಂದು ನಾಮಪದವನ್ನು ಹುಡುಕುತ್ತ ಕುಳಿತಿದ್ದೇವೆ. ಇಂಗ್ಲಿಷಿಗೆ ನಾಮಪದದ ಚಟವಿದೆ. ಕನ್ನಡಕ್ಕೆ ಕ್ರಿಯಾಪದದಲ್ಲಿ ಉಸಿರು. ‘ಮಗುವಿನ ವರ್ತನೆಯಲ್ಲಿ ಬದಲಾವಣೆ ಕಂಡುಬಂದಲ್ಲಿ’ ಎಂಬ ವಾಕ್ಯದಲ್ಲಿ ತಪ್ಪು ಯಾವುದೂ ಇಲ್ಲ, ಆದರೆ ಯಾವ ಅಜ್ಜಿಯೂ ಹಾಗೆ ಹೇಳುವುದಿಲ್ಲ. ‘ಮಗು ಮೊದಲಿನ ಹಾಗಿಲ್ಲ’ ಎನ್ನುತ್ತಾಳೆ. ನಿಮ್ಮ ಓದುಗರು ವೈದ್ಯರ ಬಳಿಗೆ ಹೋಗಿ ಹೇಳುವುದೂ ಅದನ್ನೇ.

ಅನುವಾದದ ಹಾದಿ:

ಇಡೀ ಕರಡನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ತಿದ್ದಿದ್ದೇನೆ. ಪರಿಶೀಲಕರು ಗೆರೆ ಎಳೆದಿದ್ದ ವಾಕ್ಯ ಈಗ ‘ನಿಮ್ಮ ಮಗು ಇದ್ದಕ್ಕಿದ್ದಂತೆ ಮೊದಲಿನ ಹಾಗಿಲ್ಲ ಎನಿಸಿದರೆ ವೈದ್ಯರಲ್ಲಿ ವಿಚಾರಿಸಿ’ ಎಂದಾಗಿದೆ. ತಾಯಿಯ ಮಾತನ್ನು ‘ಜಾಣ ಮಗುವಿನ ಹಾಗೆ ಇದ್ದರೆ ಆಟಕ್ಕೆ ಕಳುಹಿಸುತ್ತೇನೆ’ ಎಂದು ಮಾಡಿದ್ದೇನೆ. ತಜ್ಞರು ಗಮನಿಸಿ ಬರೆದಿಟ್ಟುಕೊಳ್ಳಬೇಕಾದ ಕ್ರಿಯೆಗಳ ಪಟ್ಟಿಯಲ್ಲಿ ‘ವರ್ತನೆಗಳು’ ಉಳಿದಿದೆ. ‘ಕಂಡಕ್ಟ್’ ಬಂದದ್ದು ಆರೈಕೆ ಮಾಡುವ ಸಿಬ್ಬಂದಿಯ ನಿಯಮಗಳ ಪುಟದಲ್ಲಿ. ಅಲ್ಲಿ ಮಾತ್ರ ‘ನಡತೆ’ ಇದೆ. ಮಗುವಿನ ಕುರಿತ ಯಾವ ವಾಕ್ಯದಲ್ಲೂ ಈಗ ಆ ಪದವಿಲ್ಲ.

ಉಳಿದದ್ದು ಒಂದು ಅಧ್ಯಾಯದ ತಲೆಬರಹ. ‘ಚಾಲೆಂಜಿಂಗ್ ಬಿಹೇವಿಯರ್’ ಎಂಬುದನ್ನು ‘ಸವಾಲಿನ ವರ್ತನೆ’ ಎಂದು ಬರೆದಿದ್ದೇನೆ. ಮಗು ದೊಡ್ಡವರಿಗೆ ಸವಾಲು ಹಾಕಿ ನಿಂತಂತೆ ಕೇಳಿಸುತ್ತಿದೆ.

ಹಳೆಯ ಮೇಷ್ಟ್ರು:

ಆ ಪದ ಹುಟ್ಟಿದ್ದೇ ಕಷ್ಟ ನೋಡಿಕೊಳ್ಳುವವರದು, ತಪ್ಪು ಮಗುವಿನದಲ್ಲ ಎಂದು ಹೇಳುವುದಕ್ಕೆ. ‘ಸಂಭಾಳಿಸಲು ಕಷ್ಟವೆನಿಸಿದಾಗ’ ಎಂದು ತಲೆಬರಹ ಕೊಟ್ಟು ನೋಡಿ. ಯಾರಿಗೆ ಕಷ್ಟವೆಂಬುದು ಹೇಳದೆಯೇ ತಿಳಿಯುತ್ತದೆ.